ಹೊಗೆ ತಿಂದ ಲ್ಯಾಪ್‌ಟಾಪ್ ಕ್ಲೀನ್ ಮಾಡುವುದು ಹೇಗೆ?

ನಾನು ಮೈಸೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ಹಿಂದಿನ ಕವರ್ ಬಿಚ್ಚಿದರೆ ಸಾಕು, ಆ ಮನೆಯ ವಾಸನೆ ಮೂಗಿಗೆ ಬಡಿಯುತ್ತದೆ. ಕೆಲವದರಲ್ಲಿ ಸಿಗರೇಟು, ಕೆಲವದರಲ್ಲಿ ಒಗ್ಗರಣೆ. ನಮ್ಮೂರಲ್ಲಂತೂ ಊದುಬತ್ತಿ, ಸಾಂಬ್ರಾಣಿಯೇ ಜಾಸ್ತಿ. ದೇವರ ಗೂಡಿನ ಪಕ್ಕಕ್ಕೇ ಮೇಜು ಹಾಕಿ ಆಫೀಸ್ ಕೆಲಸ ಮಾಡುವವರು ಒಬ್ಬಿಬ್ಬರಲ್ಲ.

ಒಣ ಧೂಳು ದೊಡ್ಡ ತಲೆನೋವಲ್ಲ, ಊದಿದರೆ ಹಾರುತ್ತದೆ. ಹೊಗೆಯ ಜಿಡ್ಡಿಗೆ ಅಂಟಿಕೊಂಡ ಧೂಳು ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ನೋಡಿದ್ದೀರಲ್ಲ, ಅದೇ ಕಥೆ. ಪ್ರೊಸೆಸರ್‌ನ ಬಿಸಿಯನ್ನು ತಾಮ್ರದ ಪೈಪು ಹೀಟ್‌ಸಿಂಕ್‌ನ ತೆಳು ತಗಡುಗಳಿಗೆ ಸಾಗಿಸುತ್ತದೆ. ಫ್ಯಾನ್ ಆ ತಗಡುಗಳ ಸಂದಿಯಿಂದ ಗಾಳಿ ನೂಕುತ್ತದೆ. ಕಸ ಕೂರುವುದು ಫ್ಯಾನ್ ಕಡೆಯ ಸಂದಿಬಾಯಲ್ಲಿ. ಹೊರಗಿನಿಂದ ಟಾರ್ಚ್ ಬಿಟ್ಟರೆ ಎಲ್ಲ ಫಳಫಳ ಅನ್ನುತ್ತದೆ, ಒಳಗಡೆ ಪೂರ್ತಿ ಮುಚ್ಚಿರುತ್ತದೆ.

ಪರೀಕ್ಷೆ ಸುಲಭ. ಫ್ಯಾನ್ ಕಿರುಚುತ್ತಿದೆ, ಆದರೆ ಬಿಸಿಗಾಳಿ ಬರುವ ಕಿಂಡಿಗೆ ಕೈ ಹಿಡಿದರೆ ಗಾಳಿಯೇ ಇಲ್ಲ ಅಂದರೆ ಒಳಗೆ ಕಟ್ಟಿಕೊಂಡಿದೆ ಅಂತಲೇ. ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಅಂತ ತೋರಿಸುವ ಕೋರ್ ಟೆಂಪ್ ಥರದ ಸಾಫ್ಟ್‌ವೇರ್ ಹಾಕಿ ನೋಡಿ. ಸುಮ್ನೆ ಬ್ರೌಸರ್ ತೆರೆದಿಟ್ಟರೂ 90 ಡಿಗ್ರಿ ಆಸುಪಾಸಿನಲ್ಲೇ ನಿಂತಿದ್ದರೆ ಬಿಚ್ಚಬೇಕು. ಬಹಳಷ್ಟು ಪ್ರೊಸೆಸರ್‌ಗಳು 95ರಿಂದ 100 ಡಿಗ್ರಿ ಹೊತ್ತಿಗೆ ತಾವೇ ವೇಗ ಇಳಿಸಿಕೊಳ್ಳುತ್ತವೆ. "ಅಣ್ಣಾ, ಸ್ಲೋ ಆಗಿದೆ, ರ್‍ಯಾಮ್ ಹಾಕಿಕೊಡಿ" ಅಂತ ಬರುವ ಎಷ್ಟೋ ಹುಡುಗರಿಗೆ ಬೇಕಿರುವುದು ರ್‍ಯಾಮ್ ಅಲ್ಲ, ಬ್ರಷ್ಷು.

ವಾರಂಟಿ ಇದ್ದರೆ ಮೊದಲು ಸರ್ವಿಸ್ ಸೆಂಟರಿಗೆ ಕೇಳಿ. ಇಲ್ಲದಿದ್ದರೆ ಶಟ್ ಡೌನ್ ಮಾಡಿ, ಚಾರ್ಜರ್ ತೆಗೆದು, ಸ್ಕ್ರೂ ಬಿಚ್ಚಿ. ರಬ್ಬರ್ ಕಾಲಿನ ಕೆಳಗೂ ಸ್ಕ್ರೂ ಅಡಗಿರಬಹುದು, ಎಳೆದಾಡಬೇಡಿ. ಉದ್ದ ಗಿಡ್ಡ ಬೆರೆಯದಂತೆ ಒಂದು ಕಾಗದದ ಮೇಲೆ ಇದ್ದ ಜಾಗದಂತೆಯೇ ಜೋಡಿಸಿಡಿ. ಕವರ್ ಎಬ್ಬಿಸಲು ಹಳೇ ಎಟಿಎಂ ಕಾರ್ಡ್ ಸಾಕು. ತೆರೆದ ಕೂಡಲೇ ಬ್ಯಾಟರಿ ಕನೆಕ್ಟರ್ ತೆಗೆಯಿರಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ.

ಈಗ ಫ್ಯಾನ್ ಬಿಚ್ಚಿ. ಸಂದಿಯಲ್ಲಿ ಕಟ್ಟಿದ ಕಸವನ್ನು ಚಿಮಟದಿಂದ ಎತ್ತಿದರೆ ಕೆಲವೊಮ್ಮೆ ಒಂದೇ ಪಟ್ಟಿಯಾಗಿ ಬರುತ್ತದೆ. ಆಮೇಲೆ 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ ಅಂತ ಕೇಳಿ. ಕಿಟಕಿ ತೆಗೆದಿಡಿ, ಹತ್ತಿರ ಬೆಂಕಿ ಬೇಡ. ಕಿವಿಗೆ ಹಾಕುವ ಹತ್ತಿಯ ಬಡ್ಡಿಗೆ ಹಚ್ಚಿ ಫ್ಯಾನಿನ ಒಂದೊಂದೇ ರೆಕ್ಕೆ ಒರೆಸಿ. ಸಿಗರೇಟು ಸೇದುವವರ ಲ್ಯಾಪ್‌ಟಾಪ್ ಆದರೆ ಬಡ್ ಹಳದಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬಡ್ ಬೆಳ್ಳಗೆ ಉಳಿಯುವವರೆಗೂ ಬಿಡಬೇಡಿ. ತಗಡುಗಳಿಗೆ ಮೆತ್ತನೆಯ ಬ್ರಷ್. ಫ್ಯಾನ್ ನಡುವಿನ ಬೇರಿಂಗಿಗೆ ಮಾತ್ರ ಐಪಿಎ ಇಳಿಯಬಾರದು, ಒಳಗಿನ ಎಣ್ಣೆ ಹೋಗುತ್ತದೆ. ಬ್ಲೋವರ್ ಹಿಡಿಯುವುದಾದರೆ ರೆಕ್ಕೆ ತಿರುಗದಂತೆ ಬೆರಳಿಟ್ಟುಕೊಳ್ಳಿ. ಎಲ್ಲ ಪೂರ್ತಿ ಒಣಗಿದ ಮೇಲೆ ಬ್ಯಾಟರಿ ಜೋಡಿಸಿ.

ಸ್ಯಾನಿಟೈಸರ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಯಾವುದೂ ಬೇಡ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ, ಅದರಲ್ಲಿ ನೀರಿನ ತೇವ, ಎಣ್ಣೆ ಎರಡೂ ಬರುತ್ತವೆ.

ಹೀಟ್‌ಸಿಂಕ್ ಎತ್ತಿದರೆ ಹಳೇ ಥರ್ಮಲ್ ಪೇಸ್ಟ್, ಅಂದರೆ ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ, ಒರೆಸಿ ಹೊಸದು ಹಾಕಲೇಬೇಕು. ಹೀಟ್‌ಸಿಂಕ್ ಸ್ಕ್ರೂ ಪಕ್ಕ ಸಾಮಾನ್ಯವಾಗಿ 1, 2, 3, 4 ಅಂತ ನಂಬರ್ ಇರುತ್ತದೆ, ಬಿಗಿ ಮಾಡುವುದು ಆ ಸಾಲಿನಲ್ಲೇ. ಸಣ್ಣ ಚಿಪ್‌ಗಳ ಮೇಲೆ ಥರ್ಮಲ್ ಪ್ಯಾಡ್ (ಬಿಸಿ ದಾಟಿಸುವ ಮೆತ್ತನೆಯ ಪಟ್ಟಿ) ಇದ್ದ ಕಡೆ ಪ್ಯಾಡನ್ನೇ ಇಡಿ, ದಪ್ಪವೂ ಅಷ್ಟೇ ಇರಲಿ. ಧೈರ್ಯ ಇಲ್ಲದಿದ್ದರೆ ಇದೊಂದು ಕೆಲಸ ಅಂಗಡಿಗೆ ಬಿಡಿ, ಅದರಲ್ಲೇನೂ ನಾಚಿಕೆ ಇಲ್ಲ.

ಮತ್ತೆ ಕಟ್ಟಬಾರದು ಅಂದರೆ ಹೊಗೆಯಿಂದ ದೂರ ಇಡುವುದೇ ದಾರಿ. ಪೂಜೆ ನಿಲ್ಲಿಸಿ ಅಂತ ಹೇಳುವವನು ನಾನಲ್ಲ. ಸಾಂಬ್ರಾಣಿ ಹಾಕುವ ಹೊತ್ತಿಗೆ ಶಟ್ ಡೌನ್ ಮಾಡಿ ಬೇರೆ ರೂಮಿನಲ್ಲಿಡಿ. ಫ್ಯಾನ್ ತಿರುಗುತ್ತಿದ್ದರೆ ತಾನೇ ಹೊಗೆ ಒಳಗೆಳೆಯುವುದು. ಹಾಸಿಗೆ ಮೇಲಿಟ್ಟು ಬಳಸಿದರೆ ಕೆಳಗಿನ ಕಿಂಡಿ ಮುಚ್ಚುತ್ತದೆ, ಹತ್ತಿ ನೂಲೂ ಒಳಗೆ ಹೋಗುತ್ತದೆ. ಮನೆಯಲ್ಲಿ ಯಾರಾದರೂ ಒಳಗೇ ಸೇದುವವರಿದ್ದರೆ ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ, ಉಳಿದವರಿಗೆ ವರ್ಷಕ್ಕೊಮ್ಮೆ ಸಾಕು.