ಲಾಳಿಯ ಓಟವನ್ನು ಹಿಡಿಯುವ ಬಗೆ

ಬೆಟಗೇರಿಯಲ್ಲಿ ನಮ್ಮ ಕಾಕಾ ಸೀರೆ ನೇಯುವಾಗ ಅಡ್ಡನೂಲು ಹೊತ್ತು ಓಡುವ ಲಾಳಿ ಈ ಬದಿಯಿಂದ ಆ ಬದಿಗೆ ಹೋದದ್ದು ಕಿವಿಗೆ ಗೊತ್ತಾಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಆ ಓಟವನ್ನು ನೋಡಲೇಬೇಕೆಂದು ನಾನು ಹಳೆಯದೊಂದು ಕ್ಯಾಸಿಯೊ ಎಕ್ಸಿಲಿಮ್ ಎಫ್‌ಸಿ100 ಕೊಂಡೆ. 2009ರ ಕ್ಯಾಮೆರಾ, ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಕ್ಯಾಸಿಯೊ 2018ರಲ್ಲಿ ಇಂಥ ಕ್ಯಾಮೆರಾಗಳ ತಯಾರಿಕೆಯಿಂದಲೇ ಹಿಂದೆ ಸರಿಯಿತು. ಹಾಗಾಗಿ ಕೊಳ್ಳುವುದಾದರೆ ಸೆಕೆಂಡ್ ಹ್ಯಾಂಡ್; ಬ್ಯಾಟರಿ, ಚಾರ್ಜರ್ ಎರಡನ್ನೂ ಅಲ್ಲೇ ಪರೀಕ್ಷಿಸಿ.

ಇದರಲ್ಲಿ ಸೆಕೆಂಡಿಗೆ 210, 420, 1000 ಫ್ರೇಮ್‌ಗಳ, ಅಂದರೆ ಬಿಡಿ ಚಿತ್ರಗಳ, ಆಯ್ಕೆ ಇದೆ. ಎಲ್ಲರ ಕೈ ಮೊದಲು 1000ಕ್ಕೇ ಹೋಗುತ್ತದೆ. ಆದರೆ ಅಲ್ಲಿ ಚಿತ್ರ 224×64 ಪಿಕ್ಸೆಲ್, ಸೀರೆಯ ಅಂಚಿನಂಥ ಪಟ್ಟಿ ಅಷ್ಟೇ. 210ರಲ್ಲಿ 480×360 ಸಿಗುತ್ತದೆ. ಅದೂ ಚಿಕ್ಕದೇ, ಆದರೆ ಕೈ, ಲಾಳಿ, ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು) ಮೂರೂ ಗುರುತಾಗುತ್ತವೆ. ಚಿತ್ರ ಸೆಕೆಂಡಿಗೆ 30 ಫ್ರೇಮ್‌ನಂತೆ ಓಡುವುದರಿಂದ ಎಲ್ಲವೂ ಏಳು ಪಟ್ಟು ನಿಧಾನವಾಗುತ್ತದೆ. ಮಗ್ಗಕ್ಕೆ ಅಷ್ಟು ಸಾಕು.

ಬೆಳಕಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. 210ರಲ್ಲಿ ಒಂದೊಂದು ಫ್ರೇಮಿಗೂ ಸೆಕೆಂಡಿನ 210ನೇ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಬೆಳಕು ಸಿಗುವಂತಿಲ್ಲ. ಮೊದಲ ದಿನ ಟ್ಯೂಬ್‌ಲೈಟ್ ಹಾಕಿ ತೆಗೆದೆ. ಇಡೀ ವಿಡಿಯೊ ಮಿಣುಕುತ್ತಿತ್ತು. ನಮ್ಮ ಮನೆಗಳ ಕರೆಂಟು 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬ್ ಸೆಕೆಂಡಿಗೆ ನೂರು ಸಲ ಮಂಕಾಗಿ ಬೆಳಗುತ್ತದೆ. ಕಣ್ಣು ಮೋಸಹೋಗುತ್ತದೆ, ಈ ಕ್ಯಾಮೆರಾ ಹೋಗುವುದಿಲ್ಲ. ಎರಡನೆಯ ದಿನ ದೀಪ ಆರಿಸಿ, ಪೂರ್ವದ ಬಾಗಿಲು ತೆರೆದು, ಬೆಳಗಿನ ಬಿಸಿಲು ಹಾಸಿನ ಮೇಲೆ ಬಿದ್ದ ಹೊತ್ತಿಗೆ ತೆಗೆದೆ. ಬೆಳಕು ಹೆಚ್ಚಿದಂತೆ ಷಟರ್ ಚುರುಕಾಗಿ, ಬರೀ ಗೆರೆಯಾಗಿದ್ದ ಲಾಳಿಗೆ ಮೊನೆ ಮೂಡಿತು.

ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯಬೇಡಿ. ಮಗ್ಗಕ್ಕೆ ಆನಿಸಿಯೂ ಇಡಬೇಡಿ, ಪ್ರತಿ ಪೆಟ್ಟಿಗೂ ಅದುರುತ್ತದೆ. ನಾನು ಪಕ್ಕದ ನೆಲದ ಮೇಲೆ ಸ್ಟೂಲು ಇಟ್ಟು, ಅದರ ಮೇಲೆ ಅಕ್ಕಿಯ ಚೀಲ ಹಾಕಿ ಕೂರಿಸಿದೆ. ಲಾಳಿ ಓಡುವ ದಾರಿಯಲ್ಲಿ ಒಂದು ನಾಣ್ಯ ಇಟ್ಟು, ಫೋಕಸ್ ಹಿಡಿದು, ನಾಣ್ಯ ತೆಗೆದು, ಆಮೇಲೆ ನೇಯುವವರಿಗೆ ಶುರುಮಾಡಲು ಹೇಳಿ. ಹತ್ತು ಸೆಕೆಂಡ್ ತೆಗೆದರೆ ನೋಡಲು ಎಪ್ಪತ್ತು ಸೆಕೆಂಡ್. ಅದಕ್ಕಿಂತ ಹೆಚ್ಚು ಬೇಡ. ಈ ವೇಗದಲ್ಲಿ ಧ್ವನಿ ದಾಖಲಾಗುವುದಿಲ್ಲ, ಮಗ್ಗದ ಸದ್ದು ಬೇಕಿದ್ದರೆ ಮೊಬೈಲಿನಲ್ಲಿ ಬೇರೆ ಹಿಡಿಯಿರಿ.

ಸಿಕ್ಕಿದ್ದೇನು? ಫ್ರೇಮ್ ಎಣಿಸಿದೆ: ಸೀರೆಯ ಅಗಲ ದಾಟಲು ಲಾಳಿಗೆ ಎಪ್ಪತ್ತು ಫ್ರೇಮ್, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ. ಲಾಳಿಯ ಹಿಂದೆ ಹೊಕ್ಕಿನ ನೂಲು, ಅಂದರೆ ಅಡ್ಡನೂಲು, ಸಡಿಲವಾಗಿ ಬಿಲ್ಲಿನಂತೆ ಬಾಗುತ್ತದೆ, ಒಮ್ಮೆ ನಡುಗುತ್ತದೆ, ನೂಲನ್ನು ಒತ್ತಿ ಕೂರಿಸುವ ಬಾಚಣಿಗೆಯಂಥ ಹಣಿಗೆ ಬಂದು ತಟ್ಟಿದಾಗ ನೆಟ್ಟಗಾಗುತ್ತದೆ. ಲಾಳಿ ಆ ತುದಿಯ ಪೆಟ್ಟಿಗೆಗೆ ಬಡಿದು ಎರಡು ಬೆರಳಿನಷ್ಟು ಹಿಂದೆ ಪುಟಿಯುತ್ತಿತ್ತು. ಕಾಕಾ ಅದನ್ನು ಮೂರು ಸಲ ನೋಡಿದರು. "ಲಾಳಿ ಓಡಿಸುವ ಹಗ್ಗ ಜೋರಾಗಿ ಜಗ್ಗಿದ್ದೇನೆ, ಇನ್ನೊಮ್ಮೆ ತೆಗೆ" ಎಂದು ಮತ್ತೆ ಮಗ್ಗಕ್ಕೆ ಕುಳಿತರು.