ನಿರ್ವಾತದೊಳಗಿನ ಹೆಸರುಕಾಳು: ನನ್ನ ಅನುಭವ

ತುಮಕೂರಿನ ನಮ್ಮ ಗೋದಾಮಿನಲ್ಲಿ ಹೆಸರುಕಾಳಿಗೆ ಹುಳ ಕೊಲ್ಲುವ ವಿಷದ ಗುಳಿಗೆ ಇಡುವುದಿಲ್ಲ; ಸಾವಯವ ಮಾಲು. ಬದಲಿಗೆ ದಪ್ಪ ಪ್ಲಾಸ್ಟಿಕ್ ಹೊದಿಕೆಯೊಳಗೆ ಮೂಟೆ ಪೇರಿಸಿ, ಅಂಚು ಮುಚ್ಚಿ, ಪಂಪಿನಿಂದ ಗಾಳಿ ಎಳೆಯುತ್ತೇವೆ. ಹೊದಿಕೆ ಮೂಟೆಗಳಿಗೆ ಕಚ್ಚಿಕೊಂಡು ಇಡೀ ರಾಶಿ ಕಲ್ಲಿನಂತೆ ಬಿಗಿಯುತ್ತದೆ.

ಒಳಗೆ 50 ಮಿಲಿಮೀಟರ್ ಪಾದರಸದಷ್ಟೇ ಒತ್ತಡ ಉಳಿಯಬೇಕು. ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಎಷ್ಟು ಕಡಿಮೆ ಎಂಬುದನ್ನು ಮಾಪಕದ ಮುಳ್ಳು ತೋರಿಸುತ್ತದೆ. ಹೊರಗಿನದು 760 ಎಂದುಕೊಂಡು, ಅದರಲ್ಲಿ 50 ಕಳೆದು, ಮುಳ್ಳು 710ಕ್ಕೆ ಬರಲೆಂದು ಮೊದಲ ದಿನ ಮಧ್ಯಾಹ್ನದವರೆಗೂ ಪಂಪು ಓಡಿಸಿದೆ, ಎಲ್ಲಿ ತೂತಾಗಿದೆಯೋ ಎಂದು ಹೊದಿಕೆಯನ್ನೆಲ್ಲ ತಡಕಾಡಿದೆ. ತೂತೇ ಇರಲಿಲ್ಲ. 760 ಸಮುದ್ರಮಟ್ಟದ ಲೆಕ್ಕ. 800 ಮೀಟರಿಗೂ ಎತ್ತರದ ನಮ್ಮೂರಲ್ಲಿ ಹೊರಗಿನ ಗಾಳಿಯ ಒತ್ತಡವೇ ಸುಮಾರು 690. ಮುಳ್ಳು 640 ಮುಟ್ಟಿದರೆ ಸಾಕು. ಎತ್ತರದ ಊರಿನವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಹುಳವನ್ನು ಕೊಲ್ಲುವುದು ಮುಖ್ಯವಾಗಿ ಆಮ್ಲಜನಕದ ಕೊರತೆ. 50ಕ್ಕೆ ಇಳಿದಾಗ ಒಳಗೆ ಉಳಿಯುವ ಆಮ್ಲಜನಕ, ಸಮುದ್ರಮಟ್ಟದ ಗಾಳಿಯಲ್ಲಿ ಅದು ಶೇ 1.4ರಷ್ಟು ಮಾತ್ರ ಇದ್ದಂತೆ. ಪರೀಕ್ಷೆಗೆಂದು ತೆಳು ಬಟ್ಟೆಯ ಗಂಟಿನಲ್ಲಿ ಕಾಳಿಗೆ ಬೀಳುವ ಪುಟ್ಟ ದುಂಬಿಗಳನ್ನು ಜೀವಂತವಾಗಿ, ಅವುಗಳ ಮೊಟ್ಟೆ ಅಂಟಿದ ಕಾಳನ್ನೂ ಕಟ್ಟಿ ರಾಶಿಯ ನಡುವೆ ಇಟ್ಟಿದ್ದೆ. 24 ಗಂಟೆ ಬಿಟ್ಟು ಬಿಚ್ಚಿದರೆ ದುಂಬಿಗಳೆಲ್ಲ ಸತ್ತಿದ್ದವು. ಖುಷಿಯಿಂದ ಮಾಲು ಕಳಿಸಿಬಿಟ್ಟೆ. ಇಪ್ಪತ್ತು ದಿನ ಕಳೆದ ಮೇಲೆ ಅಂಗಡಿಯಿಂದ ಫೋನು: ಕಾಳಿನಲ್ಲಿ ಗುಂಡನೆ ತೂತು, ಚೀಲದ ತುಂಬ ಹೊಸ ದುಂಬಿ. ಆ ಮಾಲನ್ನೆಲ್ಲ ವಾಪಸ್ ತರಿಸಿಕೊಂಡೆ.

ಕಣ್ಣಿಗೆ ಕಾಣುವ ದುಂಬಿ ಕಾಳನ್ನು ತಿನ್ನುವುದೇ ಇಲ್ಲ. ತಿನ್ನುವುದು ಮರಿಹುಳ. ಸಿಪ್ಪೆಯ ಮೇಲೆ ಬಿಳಿ ಚುಕ್ಕೆಯಂತೆ ಅಂಟಿದ ಮೊಟ್ಟೆಯಿಂದ ಅದು ನೇರ ಕಾಳಿನೊಳಗೆ ಕೊರೆದು, ಅಲ್ಲೇ ಬೆಳೆದು, ಅಲ್ಲೇ ಗೂಡುಹುಳವಾಗುತ್ತದೆ, ಅಂದರೆ ದುಂಬಿಯಾಗುವ ಮುಂಚಿನ ಹಂತ. ಓಡಾಡುವ ದುಂಬಿಗೆ ಬೇಕಾದಷ್ಟು ಉಸಿರು ಮೊಟ್ಟೆಗೂ ಗೂಡುಹುಳಕ್ಕೂ ಬೇಡ. ಅವು ತುಂಬಾ ಹೊತ್ತು ತಡೆಯುತ್ತವೆ. ಚಳಿಯಲ್ಲಂತೂ ಇನ್ನೂ ಹೆಚ್ಚು, ಏಕೆಂದರೆ ತಣ್ಣಗಿದ್ದಷ್ಟೂ ಅವುಗಳ ಉಸಿರಾಟ ನಿಧಾನ. ಈಗ ಬೇಸಿಗೆಯಲ್ಲಿ ಐದು ದಿನ ಬಿಡುತ್ತೇನೆ. ಡಿಸೆಂಬರಿನಲ್ಲಿ ಎರಡು ವಾರ, ಅದೂ ದಿನಕ್ಕೆರಡು ಸಲ ಮುಳ್ಳು ನೋಡಿಕೊಂಡು.

ಗಾಳಿ ಎಳೆದು ಗುಳಿಗೆಯನ್ನೂ ಇಟ್ಟರೆ ಬೇಗ ಆಗುವುದಿಲ್ಲವೇ ಎಂದು ಬೇರೆ ಗೋದಾಮಿನವರು ಕೇಳುತ್ತಾರೆ. ದಯವಿಟ್ಟು ಬೇಡ. ಗುಳಿಗೆಯಿಂದ ಬರುವ ಫಾಸ್ಫೀನ್ ಅನಿಲ ನಿರ್ವಾತದಲ್ಲಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಮೇಲಾಗಿ ಆಮ್ಲಜನಕ ಇಲ್ಲದಿದ್ದರೆ ಹುಳ ಆ ವಿಷವನ್ನು ಸರಿಯಾಗಿ ಒಳಗೆಳೆದುಕೊಳ್ಳುವುದೂ ಇಲ್ಲ.

ಪ್ರತಿ ರಾಶಿಯಿಂದ ಒಂದು ಹಿಡಿ ಕಾಳು ತೆಗೆದು, ಬಾಯಿಗೆ ಬಟ್ಟೆ ಕಟ್ಟಿದ ಬಾಟಲಿಯಲ್ಲಿ 40 ದಿನ ಇಟ್ಟು ನೋಡದೆ ಈಗ ಮಾಲು ಹೊರಗೆ ಕಳಿಸುವುದಿಲ್ಲ. ಈ ಸಲದ ಬಾಟಲಿಗೆ ಇಂದು 31ನೇ ದಿನ. ಇನ್ನೂ ಒಂದು ತೂತೂ ಕಂಡಿಲ್ಲ.