ಶಾರ್ಕ್ ಕೋಲು: ಪಿವಿಸಿ ಪೈಪಿನಲ್ಲಿ ಮಾಡುವುದು, ನೀರಿನಲ್ಲಿ ಹಿಡಿಯುವುದು

ಬಹಾಮಾಸಿನ ಟೈಗರ್ ಬೀಚಿನಲ್ಲಿ ಬೋನಿಲ್ಲದೆ ಟೈಗರ್ ಶಾರ್ಕ್‌ಗಳ ನಡುವೆ ಇಳಿಯುವ ಡೈವರ್‌ಗಳ ಕೈಯಲ್ಲಿ ಕಾಣುವುದು ಮಾಮೂಲಿ ಪಿವಿಸಿ ಪೈಪು. ಇಂಗ್ಲಿಷಿನ ಡೈವರ್‌ಗಳು ಇದನ್ನು ಶಾರ್ಕ್ ಬಿಲ್ಲಿ ಎನ್ನುತ್ತಾರೆ. ಹತ್ತಿರ ಬಂದ ಪ್ರಾಣಿಗೂ ನಿಮಗೂ ನಡುವೆ ಒಂದು ಮೀಟರ್ ಅಂತರ ಉಳಿಸುವುದಷ್ಟೇ ಇದರ ಕೆಲಸ. ಕಾಡತೂಸು ಸಿಡಿಸುವ ಬ್ಯಾಂಗ್ ಸ್ಟಿಕ್ ಬೇರೆಯೇ ಬಾಬತ್ತು. ಅದನ್ನು ಮನೆಯಲ್ಲಿ ಮಾಡುವುದು ಕಾನೂನಿಗೂ ಬೆರಳಿಗೂ ಒಳ್ಳೆಯದಲ್ಲ. ಅದೂ ಅಲ್ಲದೆ, ಗಾಯಗೊಂಡು ಒದ್ದಾಡುವ ಶಾರ್ಕಿನ ರಕ್ತ ಮತ್ತು ಸದ್ದಿಗೆ ಉಳಿದ ಶಾರ್ಕ್‌ಗಳು ಬರುತ್ತವೆ.

ಬೇಕಾಗುವುದು ಇಷ್ಟು: 32 ಎಂ.ಎಂ. ಹೊರವ್ಯಾಸದ ನೀರಿನ ಪಿವಿಸಿ ಪೈಪು ಒಂದು ಮೀಟರ್, ಒಂದು ಎಂಡ್ ಕ್ಯಾಪ್, ಸಾಲ್ವೆಂಟ್ ಸಿಮೆಂಟ್ (ಪಿವಿಸಿ ಅಂಟು), ಸ್ಟೂಲಿನ ಕಾಲಿಗೆ ಹಾಕುವ 32 ಎಂ.ಎಂ. ರಬ್ಬರ್ ಬುಷ್, ಹಳೆಯ ಸೈಕಲ್ ಟ್ಯೂಬು, 3 ಎಂ.ಎಂ. ನೈಲಾನ್ ಹಗ್ಗ. ಪೈಪಿನ ಗೋಡೆ 2 ಎಂ.ಎಂ.ಗಿಂತ ತೆಳ್ಳಗಿರಬಾರದು. ಎಲೆಕ್ಟ್ರಿಕ್ ವೈರಿಂಗಿನ ಪೈಪು ಅಗ್ಗವೆಂದು ತರಬೇಡಿ. ಒತ್ತಿದ ಕ್ಷಣ ಬಿಲ್ಲಿನಂತೆ ಬಾಗಿ ಪಕ್ಕಕ್ಕೆ ಜಾರುತ್ತದೆ.

ಮೊದಲು ತೂತುಗಳು. ಎರಡೂ ತುದಿಯಿಂದ 5 ಸೆಂ.ಮೀ. ಒಳಗೆ, ಎದುರುಬದುರಾಗಿ ಎರಡೆರಡು, 6 ಎಂ.ಎಂ. ಬಿಟ್ಟಿನಲ್ಲಿ ಕೊರೆಯಿರಿ. ಇದನ್ನು ಬಿಡಬೇಡಿ. ಎರಡೂ ಕಡೆ ಮುಚ್ಚಿದ ಒಂದು ಮೀಟರ್ ಪೈಪು ಸುಮಾರು 800 ಗ್ರಾಂ ನೀರನ್ನು ಸರಿಸುತ್ತದೆ, ಅದರ ಸ್ವಂತ ತೂಕ 300 ಗ್ರಾಂ ಆಸುಪಾಸು. ಅಂದರೆ ಇಡೀ ಡೈವ್ ಅರ್ಧ ಕಿಲೋ ನಿಮ್ಮ ಮಣಿಕಟ್ಟನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. ಒಳಗೆ ನೀರು ತುಂಬಿದರೆ ಅದೇ ಪೈಪು ಮೆಲ್ಲಗೆ ಮುಳುಗುವಷ್ಟೇ ಭಾರವಾಗುತ್ತದೆ. ಒಂದೇ ತುದಿಗೆ ತೂತು ಹಾಕಿದರೆ ಇನ್ನೊಂದು ತುದಿಯಲ್ಲಿ ಗಾಳಿ ಸಿಕ್ಕಿಕೊಂಡು ಕೋಲು ನೆಟ್ಟಗೆ ನಿಲ್ಲುತ್ತದೆ. ಹಿಡಿಕೆಯ ಮುಂದಿನ ಒಂದು ಗೇಣಿನಲ್ಲಿ ಮಾತ್ರ ತೂತು ಬೇಡ; ಬಾಗುವ ಒತ್ತಡವೆಲ್ಲ ಬೀಳುವುದು ಅಲ್ಲೇ.

ಹಿಂತುದಿಗೆ ಸಾಲ್ವೆಂಟ್ ಹಚ್ಚಿ ಕ್ಯಾಪ್ ಕೂರಿಸಿ, ಒಂದು ದಿನ ಒಣಗಲು ಬಿಡಿ. ಮುಂತುದಿಗೆ ರಬ್ಬರ್ ಬುಷ್. ಬರೀ ಪೈಪಿನ ತುದಿ ಶಾರ್ಕಿನ ಮೈಮೇಲೆ ನಿಲ್ಲುವುದಿಲ್ಲ, ಜಾರಿ ನೀವೇ ಅದರ ಬಾಯಿಯ ಕಡೆ ತೂರುತ್ತೀರಿ. ಫ್ರೆಂಚ್ ಸಮುದ್ರಾನ್ವೇಷಕ ಜಾಕ್ ಕುಸ್ತೋ ತಂಡದ ಹಳೆಯ ಕೋಲುಗಳ ತುದಿಯಲ್ಲಿ ಇದಕ್ಕೇ ಮೊಳೆಗಳಿದ್ದವು. ಮೊಳೆ ಗಾಯ ಮಾಡುತ್ತದೆ. ಗೀರುಗಳಿರುವ ರಬ್ಬರು ಗಾಯವಿಲ್ಲದೆ ಅದೇ ಕೆಲಸ ಮಾಡುತ್ತದೆ. ಬುಷ್ಷನ್ನು ಅಂಟಿನ ಭರವಸೆಗೆ ಬಿಡದೆ, ಬುಷ್ ಮತ್ತು ಪೈಪು ಎರಡನ್ನೂ ಹಾದುಹೋಗುವಂತೆ ಅಡ್ಡಲಾಗಿ 4 ಎಂ.ಎಂ. ತೂತು ಹಾಕಿ ನೈಲಾನ್ ಹಗ್ಗದಿಂದ ಬಿಗಿಯಿರಿ. ಸ್ಕ್ರೂ, ಬೋಲ್ಟು ಬೇಡ. ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಒಂದಕ್ಕೊಂದು ತಾಗಿದರೆ ಸಣ್ಣ ವಿದ್ಯುತ್ ಹರಿಯುತ್ತದೆ, ಶಾರ್ಕಿನ ಮೂತಿಯಲ್ಲಿರುವ ಸಂವೇದಿ ರಂಧ್ರಗಳಿಗೆ ಹತ್ತಿರದಿಂದ ಅದು ಗೊತ್ತಾಗುತ್ತದೆ. ದೂರವಿಡಬೇಕಾದ ಕೋಲೇ ಅದರ ಕುತೂಹಲ ಕೆರಳಿಸಬಾರದು.

ಹಿಂತುದಿಯ ತೂತುಗಳು ಮುಚ್ಚದಂತೆ, ಹಿಡಿಕೆಗೆ 25 ಸೆಂ.ಮೀ. ಉದ್ದಕ್ಕೆ ಸೈಕಲ್ ಟ್ಯೂಬನ್ನು ಎಳೆದು ಸುತ್ತಿ. ಫೋಮ್ ಹಿಡಿಕೆ ದಡದಲ್ಲಿ ಹಿತವಾಗಿರುತ್ತದೆ, 20 ಮೀಟರ್ ಆಳದಲ್ಲಿ ಮೂರು ಪಟ್ಟು ಒತ್ತಡಕ್ಕೆ ಕುಗ್ಗಿ ಸಡಿಲವಾಗುತ್ತದೆ.

ಕೈಗೆ ಕಟ್ಟುವ ಕುಣಿಕೆಯ ವಿಷಯದಲ್ಲಿ ಉದಾಸೀನ ಬೇಡ. ಶಾರ್ಕ್ ಕೋಲನ್ನೇ ಕಚ್ಚಿ ಎಳೆದರೆ ಕೋಲು ಹೋಗಬೇಕು, ನೀವು ಉಳಿಯಬೇಕು. ಹಾಗಾಗಿ ಹಗ್ಗದ ಕುಣಿಕೆಯನ್ನು ನೇರವಾಗಿ ಪೈಪಿಗೆ ಕಟ್ಟದೆ, ನಡುವೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ 2 ಎಂ.ಎಂ. ಅಗಲದ ಒಂದು ಉಂಗುರ ಇಡಿ. ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಎಳೆದು ನೋಡಿ: 4ರಿಂದ 6 ಕಿಲೋದೊಳಗೆ ತುಂಡಾದರೆ ಸರಿ. ಟ್ಯೂಬಿನ ದಪ್ಪ ಒಂದೊಂದರದ್ದು ಒಂದೊಂದು ಥರ, ಆದ್ದರಿಂದ ಪರೀಕ್ಷೆ ಮಾಡದೆ ನೀರಿಗಿಳಿಯಬೇಡಿ.

ನೀರಿನಲ್ಲಿ ಕೋಲನ್ನು ಬೀಸಿ ಹೊಡೆಯಲಾಗದು, ನೀರೇ ತಡೆಯುತ್ತದೆ. ಎದುರಿಗೆ ನೆಟ್ಟಗೆ ಹಿಡಿದು, ಮೊಣಕೈ ಅರ್ಧ ಮಡಚಿ, ಶಾರ್ಕಿನತ್ತ ಮುಖ ಮಾಡಿ ನಿಲ್ಲಿ. ಬಹುಪಾಲು ಶಾರ್ಕ್‌ಗಳು ಇಷ್ಟಕ್ಕೇ ದಾರಿ ಬದಲಿಸುತ್ತವೆ. ನೇರ ಬಂದರೆ ತುದಿಯನ್ನು ಮೂತಿಯ ಮೇಲ್ಭಾಗಕ್ಕೆ ಊರಿ, ಒಂದೇ ಸಮ ಒತ್ತಿ. ಮುನ್ನೂರು ಕಿಲೋ ತೂಗುವ ಟೈಗರ್ ಶಾರ್ಕ್ ಹಿಂದಕ್ಕೆ ಹೋಗುವುದಿಲ್ಲ. ಕೋಲನ್ನು ಆಧಾರವಾಗಿಟ್ಟುಕೊಂಡು ನೀವೇ ಪಕ್ಕಕ್ಕೆ ತಿರುಗುತ್ತೀರಿ. ಕಣ್ಣಿಗೆ, ಕಿವಿರಿಗೆ ಚುಚ್ಚುವುದು ಕಚ್ಚುವ ಹಂತಕ್ಕೆ ಬಂದಾಗ ಮಾತ್ರ. ದವಡೆಯ ಕೆಳಗಿನಿಂದ ತಿವಿದರೆ ಕೈ ಬಾಯಿಯ ದಾರಿಗೇ ಬರುತ್ತದೆ.

ಗ್ರೇ ರೀಫ್ ಶಾರ್ಕ್ ಬೆನ್ನು ಬಿಲ್ಲಾಗಿಸಿ, ಎದೆಯ ರೆಕ್ಕೆ ಕೆಳಗೆ ಇಳಿಬಿಟ್ಟು, ತಲೆಯನ್ನು ಅತ್ತಿತ್ತ ಜೋರಾಗಿ ಆಡಿಸುತ್ತಾ ಈಜಿದರೆ ಕೋಲನ್ನು ಮುಂದೆ ಚಾಚಬೇಡಿ. ಆ ಶಾರ್ಕನ್ನು ಮೂಲೆಗೆ ಒತ್ತಿದ್ದೀರಿ ಎಂದರ್ಥ. ತೆರೆದ ನೀರಿನ ದಾರಿ ಬಿಟ್ಟುಕೊಟ್ಟು, ಬೆನ್ನು ತೋರಿಸದೆ ನಿಧಾನ ಹಿಂದೆ ಸರಿಯಿರಿ. ಈಟಿಯಿಂದ ಮೀನು ಹಿಡಿಯುವವರಾದರೆ ಸೊಂಟದಲ್ಲಿರುವ ಮೀನನ್ನು ಮೊದಲು ಬಿಟ್ಟುಬಿಡಿ, ಆಮೇಲೆ ಕೋಲಿನ ಮಾತು.

ಕಾಣುವ ಶಾರ್ಕಿಗಷ್ಟೇ ಇದು ಉಪಯೋಗ. ಕೆಳಗಿನಿಂದ ನುಗ್ಗುವ ಗ್ರೇಟ್ ವೈಟ್ ಇರುವ ದಕ್ಷಿಣ ಆಸ್ಟ್ರೇಲಿಯಾದಂಥ ನೀರಿನಲ್ಲಿ ಕೋಲನ್ನು ನಂಬಿ ಇಳಿಯಬೇಡಿ. ಅಲ್ಲಿ ಶಾರ್ಕ್ ಓಡಿಸಲು ಬಳಸುವ ಸಾಧನಗಳಿಗೂ ಮಿತಿಯಿದೆ: 2018ರಲ್ಲಿ ಫ್ಲಿಂಡರ್ಸ್ ವಿಶ್ವವಿದ್ಯಾಲಯದವರು ವಿದ್ಯುತ್, ಅಯಸ್ಕಾಂತ, ವಾಸನೆ ಬಳಸುವ ಐದು ಸಾಧನಗಳನ್ನು ಪರೀಕ್ಷಿಸಿದಾಗ, ಚೆನ್ನಾಗಿ ಕೆಲಸ ಮಾಡಿದ ಒಂದೇ ಒಂದು ವಿದ್ಯುತ್ ಸಾಧನದಲ್ಲೂ ಆಮಿಷ ಕಚ್ಚುವ ಪ್ರಮಾಣ ಶೇ. 96ರಿಂದ 40ಕ್ಕೆ ಇಳಿಯಿತಷ್ಟೇ. ಮುರುಡೇಶ್ವರದ ನೇತ್ರಾಣಿಗೆ ಹೋಗುವವರು ಕೋಲು ಹೊರುವ ಅಗತ್ಯವಿಲ್ಲ. ಮಾಲ್ಡೀವ್ಸಿನ ಫುವಾಮುಲಾದಲ್ಲಿ ಟೈಗರ್ ಶಾರ್ಕ್ ನೋಡಲು ಹೊರಟವರು ಗೈಡನ್ನು ಮೊದಲೇ ಕೇಳಿ, ಕೋಲಿಗೆ ಅವರದೇ ನಿಯಮ ಇರುತ್ತದೆ.

ಡೈವ್ ಮುಗಿದ ಮೇಲೆ ತೂತುಗಳಿಂದ ಸಿಹಿನೀರು ಹರಿಸಿ ನೆರಳಿನಲ್ಲಿಡಿ. ಬಿಸಿಲಿಗೆ ಬಿದ್ದ ಪಿವಿಸಿ ಕ್ರಮೇಣ ಪೆಡಸಾಗುತ್ತದೆ. ಮೊಣಕಾಲಿಗೆ ಒತ್ತಿ ಬಾಗಿಸಿದಾಗ ಬಿಳಿ ಗೆರೆ ಮೂಡಿದರೆ ಆ ಪೈಪನ್ನು ಎಸೆಯಿರಿ. ಕುಣಿಕೆಯ ರಬ್ಬರ್ ಉಂಗುರವನ್ನು ಪ್ರತಿ ಪ್ರವಾಸಕ್ಕೂ ಹೊಸದಾಗಿ ಕತ್ತರಿಸಿಕೊಳ್ಳಿ.